ಹದಿನಾರು ಸುತ್ತಿನ ಕೊಳವೆ

ಮಂಗೋಲರು ಬಿಯೆನ್‌ಜಿಂಗ್ ನಗರಕ್ಕೆ ಮುತ್ತಿಗೆ ಹಾಕಿ ತಿಂಗಳುಗಳೇ ಕಳೆದಿದ್ದವು. ಆಯುಧಶಾಲೆಯಲ್ಲಿ ಕಾಗದ ಸುತ್ತುವ ದೌ ಚಿನ್‌ಗೆ ಅಂದು ಬೆಳಗಿನಿಂದ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಒಣಗಲಿಟ್ಟ ಕೊಳವೆಗಳನ್ನು ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದಳು, ಅಂಚಿಗೆ ಉಗುರು ಹಾಕಿ ಕೆರೆಯುತ್ತಿದ್ದಳು.

ಹಳದಿ ಕಾಗದವನ್ನು ಹದಿನಾರು ಸುತ್ತು ಸುತ್ತಿ, ಹಿಟ್ಟಿನ ಅಂಟು ಬಳಿದು ಒಣಗಿಸಿದರೆ ಎರಡಡಿ ಉದ್ದದ ಕೊಳವೆಯಾಗುತ್ತದೆ. ಅದಕ್ಕೆ ಸಿಡಿಮದ್ದು, ಕಬ್ಬಿಣದ ಚೂರು ತುಂಬಿ, ಈಟಿಯ ತುದಿಗೆ ಕಟ್ಟಿ, ಕೆಂಡ ಮುಟ್ಟಿಸಿದರೆ ಎದುರಿನವನ ಮುಖಕ್ಕೆ ಬೆಂಕಿ ಉಗುಳುತ್ತದೆ. ಸುತ್ತು ಬಿಟ್ಟುಕೊಂಡರೆ ಹಿಡಿದವನ ಮುಖವೇ ಸುಡುತ್ತದೆ. ಹಿಟ್ಟು ಅರಮನೆಯದು, ಕದ್ದವರ ತಲೆ ಹಾರಿಸುತ್ತೇವೆಂದು ಡಂಗುರ ಹೊಡೆಸಿದ್ದರು. ಹೊರಗೆ ಊರಿಗೆ ಊರೇ ಕುದುರೆಯ ಜೀನಿನ ಚರ್ಮ ಬೇಯಿಸಿ ತಿನ್ನುತ್ತಿತ್ತು, ಪಾಪ. ಚಿನ್ ನಾಲ್ಕು ದಿನದಿಂದ ದಿನಕ್ಕೊಂದು ಹಿಡಿ ಹಿಟ್ಟು ಬಚ್ಚಿಟ್ಟು ಒಯ್ದು, ಹಾಸಿಗೆ ಹಿಡಿದ ತಾಯಿಗೆ ಗಂಜಿ ಕಾಯಿಸಿದ್ದಳು. ಅಂಟಿಗೆ ನೀರು ಬೆರೆಸಿ ಸರಿದೂಗಿಸಿದ್ದಳು. ಅವಳಿಗೆ ನಾಚಿಕೆಯೇನೂ ಇರಲಿಲ್ಲ, ಭಯವಿತ್ತು.

ಮಧ್ಯಾಹ್ನ ಕೊಳವೆ ಒಯ್ಯಲು ಸೈನಿಕರು ಸಾಲಾಗಿ ಬಂದರು. ಮುಂದೆ ಅವಳ ತಮ್ಮ ಹೆಂಗ್.

"ಏನಕ್ಕಾ, ಕಾಲು ಸುಟ್ಟ ಬೆಕ್ಕಿನ ಥರ ಓಡಾಡ್ತಿದೀಯ?" ಎನ್ನುತ್ತಾ ರಾಶಿಗೆ ಕೈ ಹಾಕಿದ.

"ಅದ್ ಬೇಡ ಕಣೋ, ಬಿಡು!"

ಮೂಲೆಯಲ್ಲಿ ಹೋದ ವಾರದ್ದು, ಗಟ್ಟಿ ಅಂಟಿನದು, ಒಂದೇ ಒಂದು ಉಳಿದಿತ್ತು. ಅದನ್ನು ತಂದು ಅವನ ಕೈಗೆ ತುರುಕಿದಳು.

ಹಿಂದೆ ನಿಂತಿದ್ದ ಕೆನ್ನೆ ಬತ್ತಿದ ಸೈನಿಕ ಎಲ್ಲವನ್ನೂ ನೋಡುತ್ತಿದ್ದ. "ತಮ್ಮಂಗೆ ಮಾತ್ರ ಆರಿಸಿ ಕೊಟ್ರೆ ಆಯ್ತೇನಮ್ಮ? ನಂಗೂ ಒಂದ್ ಒಳ್ಳೇದ್ ನೋಡಿ ಕೊಡು. ನನ್ ಮುಖಾನೂ ಅಷ್ಟೇನ್ ಕೆಟ್ಟದಾಗಿಲ್ಲ."

ಸಾಲಿನವರು ನಕ್ಕರು. ಚಿನ್ ನೀರಂಟಿನದೇ ಒಂದನ್ನು ಎತ್ತಿ ಕೊಟ್ಟೇಬಿಟ್ಟಳು.

"ನಿನ್ ಹೊಟ್ಟೆ ತಣ್ಣಗಿರ್ಲಿ," ಎಂದು ಅವನು ಎರಡು ಹೆಜ್ಜೆ ಹಾಕಿದ್ದನಷ್ಟೆ. ಅವಳಿಗೆ ತಡೆಯಲಾಗಲಿಲ್ಲ. ಓಡಿಹೋಗಿ ಕೊಳವೆ ಕಸಿದು, ಕಾಗದ ಕತ್ತರಿಸುವ ಚಾಕುವಿನಿಂದ ಉದ್ದಕ್ಕೂ ಸೀಳಿದಳು. ಸುತ್ತುಗಳು ಈರುಳ್ಳಿ ಸಿಪ್ಪೆಯಂತೆ ಬಿಚ್ಚಿಕೊಂಡವು.

"ಎಲ್ಲಾ ಹಿಂಗೇ ಇವೆ. ಯಾರೂ ಮುಟ್ಬೇಡಿ. ಹಿಟ್ಟು ನಾನೇ ಕದ್ದೆ, ಅಮ್ಮಂಗೆ ಗಂಜಿ ಮಾಡೋಕೆ."

ಹೆಂಗ್ ತಲೆ ತಗ್ಗಿಸಿದ. ಆ ಗಂಜಿಯಲ್ಲಿ ಎರಡು ಗುಟುಕು ಅವನೂ ಕುಡಿದಿದ್ದ. ಕೆನ್ನೆ ಬತ್ತಿದ ಆ ಸೈನಿಕ ಹತ್ತಿರ ಬಂದ. ಹೊಡೆಯುತ್ತಾನೆಂದು ಚಿನ್ ಕಣ್ಣು ಮುಚ್ಚಿದಳು.

ಅವನು ಮೆಲ್ಲಗೆ ಕೇಳಿದ: "ಗಂಜಿ ಇನ್ನೂ ಸ್ವಲ್ಪ ಉಳ್ದಿದ್ಯೇನಮ್ಮ?"