ಮುಂದೂಡಿದ ಮದುವೆಗಳು

ಬಾಲ್ದಿ ಬಾವಿಯ ತಳದ ಕಲ್ಲಿಗೆ ಬಡಿದ ಸದ್ದು ಕೇಳಿಯೂ ಧರ್ಣಪ್ಪ ಹಗ್ಗ ಎಳೆದರು. ಮೇಲೆ ಬಂದದ್ದು ಎರಡು ಬೊಗಸೆ ಕೆಸರು. ಒಳಗೆ ಚಾವಡಿಯಲ್ಲಿ ಅವರ ತಮ್ಮ ಚಿನ್ನಯ್ಯನ ದೇಹ ಕಡೆಯ ಸ್ನಾನಕ್ಕೆ ಕಾದಿತ್ತು. ಏಪ್ರಿಲ್ ಬಿಸಿಲು, ತಡಮಾಡುವ ಹಾಗಿರಲಿಲ್ಲ.

"ಅಂಗಡಿಯಿಂದ ನಾಲ್ಕು ಕ್ಯಾನ್ ನೀರು ತರಿಸುವ," ಎಂದರು ವಿಜಯರಾಜ. ಚಿನ್ನಯ್ಯ ಜೀವಮಾನವಿಡೀ ವರದಿ ಬರೆದ ಬಂಟ್ವಾಳದ ವಾರಪತ್ರಿಕೆ ಅವರದು.

"ನಮ್ಮಲ್ಲಿ ಮನೆಯ ನೀರೇ ಆಗಬೇಕು ಧಣಿಗಳೆ," ಎಂದರು ಧರ್ಣಪ್ಪ. " ಕ್ಯಾನಿನ ನೀರು ಹೊಯ್ದರೆ ಊರವರು ಏನು ಹೇಳ್ತಾರೆ?"

"ಬಾವಿಗೆ ಅದೆಲ್ಲ ಗೊತ್ತುಂಟಾ ಮಾರಾಯ್ರೆ?"

ಬಾಗಿಲಲ್ಲಿ ನಿಂತ ಚಿನ್ನಯ್ಯನ ಹೆಂಡತಿ ಸ್ವರ್ಣಲತಾ ಇದನ್ನು ಕೇಳಿಸಿಕೊಂಡಳು. ನೀರು ನೀರು ಎಂದೇ ಬರೆದು ಸವೆದವನಿಗೆ ಮೈತೊಳೆಯಲು ನೀರಿಲ್ಲವೆಂಬುದು ಸಾವಿಗಿಂತ ಹೆಚ್ಚು ಅವಳನ್ನು ನೋಯಿಸುತ್ತಿತ್ತು.

*

ಏಳೆಂಟು ವರ್ಷದ ಹಿಂದಿನ ಬೇಸಗೆ. ನೀರಿನ ಕೊರತೆ ಎಂದು ಬರೆದರೆ ಜನರಲ್ಲಿ ಭೀತಿ ಹುಟ್ಟಿಸಿದ ಕೇಸು ಬೀಳುತ್ತದೆ ಎಂದು ಮೇಲಿನಿಂದ ಆದೇಶ ಬಂತು. ಪಾಣೆಮಂಗಳೂರಿನಾಚೆಯ ಗುಡ್ಡದ ಕಾಲನಿಯಲ್ಲಿ ನೀರಿಲ್ಲವೆಂದು ಚಿನ್ನಯ್ಯ ಬರೆದ ವರದಿಯನ್ನು ವಿಜಯರಾಜರೇ ತಡೆದರು. ಚಿನ್ನಯ್ಯ ಜಗಳ ಮಾಡಲಿಲ್ಲ. ಪುಣ್ಯಾತ್ಮನಿಗೆ ಜಗಳ ಬರುತ್ತಲೂ ಇರಲಿಲ್ಲ. ಗುಡ್ಡ ಹತ್ತಿ ನಫೀಸಮ್ಮನ ಮನೆಗೆ ಹೋದ. ಅಡುಗೆಗೆ ನೀರಿಲ್ಲದೆ ಅವರ ಮಗಳ ಮದುವೆ ನಿಂತಿತ್ತು.

"ಅದನ್ನೇ ಪೇಪರಿಗೆ ಪ್ರಕಟಣೆ ಕೊಡಿ," ಎಂದ.

"ನಮ್ಮ ಮೇಲೆ ಕೇಸಾಗುವುದಿಲ್ವಾ?"

"ಮದುವೆ ಮುಂದೆ ಹಾಕಿದ್ದಕ್ಕೆ ಯಾರು ಕೇಸು ಹಾಕ್ತಾರೆ?"

ವಿಜಯರಾಜರ ಪೇಪರಿನಲ್ಲಿ ಪ್ರಕಟಣೆ ಬಂತು: 'ಬಾವಿ ಬತ್ತಿದ್ದರಿಂದ ಮಗಳ ಮದುವೆ ಮುಂದೂಡಿದ್ದೇವೆ. ಬಂಧುಗಳು ಕ್ಷಮಿಸಬೇಕು.' ಮುಂದಿನ ವಾರ ಗೃಹಪ್ರವೇಶ, ಸೀಮಂತ, ತೊಟ್ಟಿಲು ಎಲ್ಲ ಸೇರಿದವು. ಒಂದು ಪುಟದ ತುಂಬ ಊರಿನ ಶುಭಕಾರ್ಯಗಳು ಸಾಲಾಗಿ ನಿಂತುಹೋದವು. ಪತ್ರಿಕೆಗೆ ಬರುತ್ತಿದ್ದ ಸರಕಾರಿ ಜಾಹೀರಾತು ತಪ್ಪಿತು. ಆದರೆ ಮಳೆಗಾಲಕ್ಕೆ ಮೊದಲೇ ಗುಡ್ಡಕ್ಕೆ ಪೈಪು ಬಂತು. ಮದುವೆ ನಿಲ್ಲಿಸಿದ ಅಪವಾದ ಯಾವ ಅಧಿಕಾರಿಗೆ ಬೇಕು?

*

ರಿಕ್ಷಾ ಬಂದು ಅಂಗಳದಾಚೆ ನಿಂತಿತು. ಇಳಿದವರು ನಫೀಸಮ್ಮ, ಜೊತೆಗೆ ಕಾಲನಿಯ ಇಬ್ಬರು ಹೆಂಗಸರು. ಎಲ್ಲರ ಸೊಂಟದಲ್ಲೂ ತುಂಬಿದ ಕೊಡ.

"ಬಾವಿಯಲ್ಲಿ ನೀರಿಲ್ಲ ಅಂತ ರಿಕ್ಷಾದವರು ಹೇಳಿದರು ಅಕ್ಕ. ನಮ್ಮ ನಳ್ಳಿಯದ್ದು. ಆಗ್ತದೆ ಅಂತಾದರೆ ಮಾತ್ರ," ಎಂದು ನಫೀಸಮ್ಮ ಅಲ್ಲೇ ನಿಂತರು.

ಧರ್ಣಪ್ಪ ನೆಲ ನೋಡಿದರು. ಸ್ವರ್ಣಲತಾ ಅಂಗಳಕ್ಕಿಳಿದಳು.

"ಭಾವ, ಮನೆಯ ನೀರೇ ಆಗಬೇಕು ಅಂದದ್ದು ನೀವಲ್ವಾ? ಇದು ನಿಮ್ಮ ತಮ್ಮನದೇ ನೀರು. ಅವರು ತರಿಸಿದ್ದು."

"ನನ್ನ ಪೇಪರಿನ ಜಾಹೀರಾತು ತಿಂದ ನೀರು," ಎಂದು ವಿಜಯರಾಜ ನಗಲು ಹೋಗಿ ಕಣ್ಣೊರೆಸಿಕೊಂಡರು.

ಧರ್ಣಪ್ಪ ತಾವೇ ಹಂಡೆ ಎಳೆದು ತಂದರು. "ಹೊಯ್ಯಿರಿ ನಫೀಸಮ್ಮ. ದೊಡ್ಡ ಉಪಕಾರ ಆಯ್ತು."

"ಉಪಕಾರ ನಮ್ಮದಲ್ಲ ಅಣ್ಣ. ಅವರಿಂದ ಮಗಳ ಮದುವೆ ಆಯ್ತು. ಮೊಮ್ಮಗಳು ಈಗ ಶಾಲೆಗೆ ಹೋಗ್ತಾಳೆ."

ನಫೀಸಮ್ಮ ಹಂಡೆಯ ಬಾಯಿಗೆ ಕೊಡ ತಾಗಿಸಿ ನಿಧಾನಕ್ಕೆ ಬಗ್ಗಿಸಿದರು. ಒಂದು ಹನಿಯೂ ನೆಲಕ್ಕೆ ಬೀಳಲಿಲ್ಲ. ಕೊಡ ಬರಿದಾದ ಮೇಲೂ ಕೆಳಗಿಡದೆ, ಅಂಚಿನಲ್ಲಿ ತೂಗುತ್ತಿದ್ದ ಕೊನೆಯ ಹನಿ ಹಂಡೆಗೆ ಬೀಳುವವರೆಗೆ ಬೋರಲು ಹಿಡಿದು ನಿಂತರು.