ಬೀಗದವರ ಅನುಮಾನ

ನಮ್ಮೆಜಮಾನರಿಗೆ ಕಟ್ಟಿಕೊಂಡವಳ ಮೇಲೆ ನಂಬಿಕೆ ಇದೆಯೋ ಇಲ್ಲವೋ, ಬೀಗದ ಮೇಲಂತೂ ಇದೆ. ತೆರೆಯದ ಬೀಗವೇ ಇಲ್ಲ ಅನ್ನುವುದು ಅವರ ವಾದ. ಯಾವ ಬೀಗದವನಾದರೂ "ಇದು ತೆರೆಯಲ್ಲ" ಅಂದರೆ, ಗಿರಾಕಿಯ ಪೆಟ್ಟಿಗೆಯನ್ನು ಅಗ್ಗಕ್ಕೆ ಹೊಡೆಯುವ ಹುನ್ನಾರ ಅಂತಲೇ ಲೆಕ್ಕ. ನಾವೇ ಹಾಗೆ ಹೇಳಿ ಅಗ್ಗಕ್ಕೆ ಹೊಡೆದ ತಿಜೋರಿಯೊಂದು ನಮ್ಮ ಬೀಗದಂಗಡಿಯ ಮೂಲೆಯಲ್ಲೇ ಇದೆ, ಸುಳ್ಳೇಕೆ.

ನಾದಿನಿಯ ಗಂಡ ಮನೆ ಕಟ್ಟಲು ಕೂಡಿಟ್ಟದ್ದನ್ನೆಲ್ಲ ಕ್ರಿಪ್ಟೊಗೆ ಹಾಕಿ, ಅಂಗೈಯಗಲದ ಒಂದು ವ್ಯಾಲೆಟ್ ಯಂತ್ರದಲ್ಲಿ ಭದ್ರ ಮಾಡಿ, ಪಿನ್ ಯಾರಿಗೂ ಹೇಳದೆ ತೀರಿಕೊಂಡರು. ನಾದಿನಿ ಅದನ್ನು ಅಣ್ಣನ ಕೈಗಿಟ್ಟು, ಮಗಳೊಂದಿಗೆ ನಮ್ಮ ನಡುಮನೆಯಲ್ಲಿ ಮಲಗುತ್ತಿದ್ದಳು.

ಇಂಥ ವ್ಯಾಲೆಟ್ ತೆರೆದುಕೊಡುವ ಆಫೀಸಿಗೆ ನಾವಿಬ್ಬರೂ ಹೋದೆವು.

"ಆಗ್ಲೇ ತುಂಬ ಸಲ ತಪ್ಪು ನಂಬರ್ ಒತ್ತಿದೀರಿ ಸಾರ್," ಎಂದಳು ಅಲ್ಲಿಯ ಮೇಡಂ. "ಇನ್ನೆರಡು ಸಲ ತಪ್ಪಿದ್ರೆ ಇದು ತಾನೇ ಎಲ್ಲ ಅಳಿಸ್ಕೊಳ್ಳುತ್ತೆ, ದುಡ್ಡು ಮತ್ತೆ ಸಿಗಲ್ಲ. ಅರ್ಧಂಬರ್ಧ ಸುಳಿವಿದ್ರೆ ನಾವು ಹುಡುಕ್ತೀವಿ, ಏನೂ ಇಲ್ದಿದ್ರೆ ಇದು ತೆರೆಯಲ್ಲ. ನಿಮ್ಮ ತಂಗೀನ ಕೇಳಿ, ಅವ್ರು ಬೇರೆ ಕಡೆ ಯಾವ ನಂಬರ್ ಇಡ್ತಿದ್ರು ಅಂತ. ಅಲ್ಲೀವರೆಗೆ ಇಲ್ಲೇ ಬಿಟ್ಟಿರಿ."

ಇವರ ಹುಬ್ಬು ಗಂಟಾಯಿತು. ಯಂತ್ರವನ್ನು ಕಿತ್ತುಕೊಂಡು ಜೇಬಿಗಿಳಿಸಿದರು.

"ನಮ್ಮ ಕಸುಬಿನ ಆಟ ನಮಗೇ ತೋರಿಸ್ತಾಳೆ," ಎಂದರು ಮೆಟ್ಟಿಲಿಳಿಯುತ್ತ. ನನಗೂ ಆ ಹೆಂಗಸಿನ ಮೇಲೆ ಗುಮಾನಿಯಿತ್ತು. ಆದರೂ ಅಂದೆ, "ತಂಗೀನ ಒಂದ್ಮಾತು ಕೇಳ್ರೀ."

"ಅವಳಿಗೇನು ಗೊತ್ತು? ಅಳ್ತಾ ಕೂರ್ತಾಳೆ."

ಅಂಗಡಿಯಲ್ಲಿ ಭೂತಗನ್ನಡಿ ಹಿಡಿದು ಗುಂಡಿಗಳನ್ನು ನೋಡಿದರು. ನಾಲ್ಕು ಅಂಕಿ ಸವೆದಿದ್ದವು. ಹಿಂದುಮುಂದು ಮಾಡಿದರೆ ನಾದಿನಿಯ ಮಗಳು ಹುಟ್ಟಿದ ವರ್ಷ. ಮುಖವರಳಿಸಿ ಒತ್ತಿದರು. ತಪ್ಪು. ತಿರುಗಿಸಿ ಒತ್ತಿದರು. ನಾನು ಕೈ ಹಿಡಿಯುವಷ್ಟರಲ್ಲಿ ಪರದೆ ಆರಿ ಹತ್ತಿಕೊಂಡು, ಹೊಸ ವ್ಯಾಲೆಟ್ ಶುರು ಮಾಡಿ ಎಂದು ಕರೆಯಿತು. ಒಳಗಿದ್ದುದೆಲ್ಲ ಅಳಿಸಿಹೋಗಿತ್ತು.

ಅಷ್ಟರಲ್ಲಿ ನಾದಿನಿ ಊಟದ ಡಬ್ಬಿ ತಂದಳು. ಯಂತ್ರದ ಗುಂಡಿಗಳನ್ನು ನೋಡಿ ಕೇಳಿದಳು, "ಇದಕ್ಕೂ ನಂಬರ್ ಬೇಕೇನಣ್ಣ? ಅವ್ರು ಎಲ್ಲದಕ್ಕೂ ಒಂದೇ ಇಡ್ತಿದ್ರು. ಮದುವೇಲಿ ನೀನು ಕೊಟ್ಟ ಸೂಟ್‌ಕೇಸ್ ಬೀಗದ್ದು. ನೀನೇ ತೆಗೀತೀಯ ಅಂತ ನಾನು ಸುಮ್ಮನಿದ್ದೆ."

ಆ ಬೀಗಕ್ಕೆ ನಂಬರ್ ಕೂರಿಸಿದವರು ನಮ್ಮೆಜಮಾನರೇ. ಅದೇ ನಾಲ್ಕು ಅಂಕಿ, ಸರದಿ ಮಾತ್ರ ಬೇರೆ.

ಅವರು ಯಂತ್ರವನ್ನು ಡ್ರಾಯರಿಗೆ ತಳ್ಳಿದರು. "ಇದು ತೆರೆಯಲ್ಲ ಕಣಮ್ಮ," ಎಂದರು, ತಂಗಿಯ ಮುಖ ನೋಡದೆ.

ನಾದಿನಿಯೂ ಬೀಗದವರ ಮನೆಯಲ್ಲೇ ಬೆಳೆದವಳು. ಡಬ್ಬಿ ಕೆಳಗಿಟ್ಟು, ಮೂಲೆಯ ತಿಜೋರಿಯನ್ನೊಮ್ಮೆ, ಅಣ್ಣನನ್ನೊಮ್ಮೆ ನೋಡಿದಳು.

"ಡ್ರಾಯರ್ ತೆಗಿ," ಎಂದಳು.