ಮಗಳ ಮಗ್ಗುಲಿನ ಚೌಕ

ಪಕ್ಕದ ಮನೆಯ ಪರಮೇಶ ಮೂರನೆಯ ಸಲ ಫೈಲು ತೆರೆದ. ಅವನ ಲ್ಯಾಪ್‌ಟಾಪಿನ ತುಂಬ ಮತ್ತೆ ಅವೇ ತಲೆಬುಡವಿಲ್ಲದ ಗುರುತುಗಳು.

"ಕೆಟ್ಟೈತ್ರೀ ಅಕ್ಕಾರ. ಹೆಸರಿನ ಬಾಲ ತಗದು ಎಕ್ಸೆಲ್ ಬಾಲ ಹಚ್ಚೀನಿ, ಆದ್ರೂ ಬರವಲ್ದು."

"ಕುದುರಿ ಬಾಲ ಹಚ್ಚಿದ್ರ ಕತ್ತಿ ಕುದುರಿ ಆಗ್ತೈತೇನಪಾ? ಅಮೀರ್‌ಪೇಟೆಯಾಗ ಕಂಪ್ಯೂಟರ್ ಕ್ಲಾಸಿಗೆ ಫೀ ಕೊಟ್ಟು ಇದನ್ನೇ ಕಲ್ತಿ?" ಶಂಕ್ರಮ್ಮ ಕೇಳಿದರು. ದನಿಯಲ್ಲಿ ಸಿಟ್ಟಿಗಿಂತ ದಣಿವೇ ಹೆಚ್ಚು.

ಹೊರಗೆ ಪಡಸಾಲೆಯಲ್ಲಿ, ರಾತ್ರಿ ತೀರಿಕೊಂಡ ಅವರ ಗಂಡ ಅಮರಯ್ಯನವರನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಕುಣಿ ತೋಡುವ ಬೂದೆಪ್ಪ ಎರಡು ಸಲ ಫೋನು ಮಾಡಿ, ಎಲ್ಲಿ ಅಗೆಯಲಿ ಎಂದು ಕೇಳಿದ್ದ. ರುದ್ರಭೂಮಿಯಲ್ಲಿ ಯಾರು ಎಲ್ಲಿದ್ದಾರೆಂಬುದು ಇದ್ದದ್ದು ಈ ಫೈಲಿನಲ್ಲಿ ಮಾತ್ರ. ಶಂಕ್ರಮ್ಮನವರಿಗೆ ಬೇಕಾದದ್ದು ಒಂದೇ: ಮೂರನೆಯ ವರ್ಷಕ್ಕೇ ಜ್ವರದಲ್ಲಿ ಹೋದ ಮಗಳು ಶಿವಗಂಗಾಳ ಮಗ್ಗುಲಲ್ಲಿ ಅಪ್ಪ ಇರಬೇಕು. ಕೂಸಿನ ಕಲ್ಲು ಎಂದೋ ಕಾಣೆಯಾಗಿತ್ತು.

*

ಕುಷಾಯಿಗೂಡದ ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಅಮರಯ್ಯ ಹಿಡಿದ ಕೆಲಸ ಈ ರುದ್ರಭೂಮಿಯ ನಕ್ಷೆ. ಗೆದ್ದಲು ತಿಂದ ರಿಜಿಸ್ಟರಿನಿಂದ ಶಂಕ್ರಮ್ಮ ಹೆಸರು ಓದುವರು, ಅವರು ಚೌಕಗಳಲ್ಲಿ ತುಂಬುವರು. ರುದ್ರಭೂಮಿ ನೋಡಿಕೊಳ್ಳುವ ಸಂಘದವರು ಎಕ್ಸೆಲ್‌ನಲ್ಲಿ ತಿದ್ದಿ ಕಳಿಸಿದ್ದು ಅಮರಯ್ಯನವರ ಪುಕ್ಕಟೆ ಲಿನಕ್ಸ್‌ನಲ್ಲಿ ತೆರೆದರೆ ಚೌಕಗಳ ಅಗಲ ಕೆಡುತ್ತಿತ್ತು, ಬಣ್ಣ ಹೋಗುತ್ತಿತ್ತು. ಎಲ್ಲ ಸರಿಪಡಿಸಿ ಎರಡೆರಡು ಸಲ ಉಳಿಸುವರು: ತಮ್ಮ ಲಿನಕ್ಸಿಗೊಂದು, ಸಂಘದ ಎಕ್ಸೆಲ್ಲಿಗೊಂದು.

"ಎಲ್ಲಾರಂಗ ಎಕ್ಸೆಲ್ಲಿಂದು ಒಂದು ಕಳ್ಳ ಸಿಡಿ ಹಾಕ್ಕೊಳ್ರಲ್ಲ," ಎಂದು ಶಂಕ್ರಮ್ಮ ಒಮ್ಮೆ ಅಂದಿದ್ದರು.

"ಸತ್ತೋರ ಜಾಗ ಕದ್ದ ಮಾಲಿನಾಗ ಬರೀಲೇನ?"

ಹೋದ ತಿಂಗಳು ಕೊನೆಯ ಸಾಲುಗಳನ್ನು ತುಂಬಿ, ಕೈ ಸೋತು ಒಂದೇ ಸಲ, ತಮ್ಮದಷ್ಟೇ ಉಳಿಸಿದ್ದರು. "ಅವರದು ನಾಳೆ ಮಾಡ್ತೀನಿ," ಎಂದು ಮಲಗಿದವರು ಮತ್ತೆ ಕಂಪ್ಯೂಟರಿನ ಮುಂದೆ ಕೂಡಲಿಲ್ಲ.

*

"ಏಳು, ಅವರ ಕಂಪ್ಯೂಟರಿನಾಗ ನೋಡೂಣು," ಶಂಕ್ರಮ್ಮ ಪರಮೇಶನಿಗೆ ಅಂದರು.

"ಆ ಲಿನಕ್ಸ್ ನಂಗ ತಿಳಿಯಂಗಿಲ್ರೀ."

"ನಂಗ ತಿಳೀತೈತಿ."

ಫೈಲು ತೆರೆಯಿತು. ತುಂಬಿದ ಜಾಗ ಬೂದು, ಖಾಲಿ ಬಿಳಿ, ಕಾಯ್ದಿಟ್ಟದ್ದು ಹಳದಿ. ಒಂಬತ್ತನೆಯ ಸಾಲಿನ ಕೊನೆಗೆ ಶಿವಗಂಗಾ. ಮಗ್ಗುಲಲ್ಲಿ ಒಂದೇ ಹಳದಿ ಚೌಕ. ಅದರಲ್ಲಿ ಶಂಕ್ರಮ್ಮ ಎಂದಿತ್ತು. ಅಮರಯ್ಯನವರ ಹೆಸರು ದೂರ, ಗೇಟಿನ ಹತ್ತಿರ.

"ನಿಮಗಂತ ಹಿಡಿದಿಟ್ಟಾರ್ರೀ ಅಕ್ಕಾರ," ಪರಮೇಶ ಮೆಲ್ಲಗೆ ಅಂದ. ಅವನ ಫೋನು ಮತ್ತೆ ಬಡಿದುಕೊಂಡಿತು. "ಬೂದೆಪ್ಪಗ ಏನ್ ಹೇಳ್ಲಿ?"

ಶಂಕ್ರಮ್ಮ ಪರದೆಯ ಮೇಲಿನ ಆ ಹಳದಿ ಚೌಕಕ್ಕೆ ಬೆರಳಿಟ್ಟರು.

"ಇಷ್ಟು ವರ್ಷ ಕೂಸು ಒಂಟಿ ಐತಿ. ಒಂಬತ್ತನೇ ಸಾಲು, ಮಗಳ ಬಾಜೂಕ ಅಗೀಲಿ ಅನ್ನು."

ಅವನು ಹೊರಗೆ ಹೋದ. ಶಂಕ್ರಮ್ಮ ತಮ್ಮ ಹೆಸರನ್ನು ಹಿಂದಿನಿಂದ ಒಂದೊಂದೇ ಅಕ್ಷರವಾಗಿ ಅಳಿಸಿದರು. ಗಂಡನ ಹಣೆಗೆ ವಿಭೂತಿ ಹಚ್ಚಿದ್ದ ಬೆರಳು ಕೀಲಿಗಳ ಮೇಲೆ ಬಿಳಿ ಗುರುತು ಬಿಡುತ್ತ 'ಅ' ಎಲ್ಲಿದೆಯೆಂದು ಹುಡುಕತೊಡಗಿತು.